ತೂಕ ಇಳಿಸುವ ಆಪರೇಷನ್: ವಂಕಿಯ ಮಾತು ಯಾರು ಎತ್ತಬೇಕು?

ನಮ್ಮೂರುಗಳ ಕಡೆ ಮಕ್ಕಳಿರುವ ಹೆಂಗಸನ್ನು 'ಆಪರೇಷನ್ ಆಯ್ತಾ?' ಎಂದು ಕೇಳಿದರೆ ಅದಕ್ಕಿರುವುದು ಒಂದೇ ಅರ್ಥ. ಯಾವ ಆಪರೇಷನ್ ಎಂದು ಯಾರೂ ಮರುಪ್ರಶ್ನೆ ಹಾಕುವುದಿಲ್ಲ. ಎರಡನೇ ಹೆರಿಗೆಯ ಜೊತೆಯಲ್ಲೋ, ಆಮೇಲೆ ತಾಲ್ಲೂಕು ಆಸ್ಪತ್ರೆಯಲ್ಲೋ ಅದು ಮುಗಿದಿರುತ್ತದೆ. ಅಲ್ಲಿಗೆ ಗರ್ಭದ ಚಿಂತೆಯೂ ಮುಗಿಯಿತು. ಬೆಂಗಳೂರಿಗೆ ಬಂದು ಕೆ.ಆರ್. ಪುರ, ಇಂದಿರಾನಗರ, ಹಲಸೂರು, ಶಿವಾಜಿನಗರದ ಕಡೆ ಓಡಾಡತೊಡಗಿದ ಮೇಲೆ ಅದೇ ಪದಕ್ಕೆ ಇನ್ನೊಂದು ಅರ್ಥ ನಮ್ಮ ಕಿವಿಗೆ ಬೀಳತೊಡಗಿತು. ತೂಕ ಇಳಿಸುವ ಆಪರೇಷನ್. ಡಾಕ್ಟರುಗಳ ಭಾಷೆಯಲ್ಲಿ ಬೇರಿಯಾಟ್ರಿಕ್ ಸರ್ಜರಿ.

ಮೊದಲನೆಯ ಆಪರೇಷನ್ ಮಕ್ಕಳಾಗುವುದನ್ನು ನಿಲ್ಲಿಸುತ್ತದೆ. ಎರಡನೆಯದು ಬಹಳಷ್ಟು ಹೆಂಗಸರಲ್ಲಿ ನಿಂತೇಹೋಗಿದೆ ಅಂದುಕೊಂಡಿದ್ದ ಸಾಧ್ಯತೆಯನ್ನು ಮತ್ತೆ ತೆರೆಯುತ್ತದೆ, ಅದೂ ಕೆಲವೇ ತಿಂಗಳಲ್ಲಿ. ಅದೇ ಹೊತ್ತಿನಲ್ಲಿ ವೈದ್ಯಶಾಸ್ತ್ರ ಹೇಳುವುದು: ಕನಿಷ್ಠ ಒಂದು ವರ್ಷ, ಸಾಧ್ಯವಾದರೆ ಒಂದೂವರೆ ವರ್ಷ ಗರ್ಭ ಬೇಡ. ಬೇಗ ಗರ್ಭ ನಿಲ್ಲುವ ಸಾಧ್ಯತೆಯೂ ಈಗ ಬೇಡವೆನ್ನುವ ಸಲಹೆಯೂ ಒಂದೇ ವರ್ಷದಲ್ಲಿ ಬಂದು ಕೂರುತ್ತವೆ. ಇದನ್ನು ಆಪರೇಷನ್ನಿಗೆ ಮೊದಲು ಹೆಂಗಸನ್ನು ಕೂರಿಸಿಕೊಂಡು ಹೇಳಬೇಕಾದವರು ಹೇಳುತ್ತಿಲ್ಲ, ಹೇಳಿದರೂ ಇಂಗ್ಲಿಷ್ ಕಾಗದದ ಒಂದು ಸಾಲಿನಲ್ಲಿ ಮುಗಿಸುತ್ತಾರೆ ಎನ್ನುವುದು ನಮ್ಮ ತಕರಾರು.

ಮೊದಲು ಒಂದು ಗೊಂದಲ ಬಿಡಿಸಿಕೊಳ್ಳೋಣ. 2022ರ ಮೇ ತಿಂಗಳಲ್ಲಿ ಕಿರುತೆರೆ ನಟಿ ಚೇತನಾ ರಾಜ್ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ನಂತರ ಬೆಂಗಳೂರಿನಲ್ಲಿ ತೀರಿಕೊಂಡರು. ಅಂದಿನಿಂದ ತೂಕದ ಆಪರೇಷನ್ ಅಂದರೆ ಜನ ಅದನ್ನೇ ನೆನೆಸಿಕೊಳ್ಳುತ್ತಾರೆ. ಆದರೆ ಚರ್ಮದಡಿಯ ಕೊಬ್ಬನ್ನು ತೆಗೆಯುವುದು ಅಂದಚೆಂದದ ಚಿಕಿತ್ಸೆ. ನಾವು ಇಲ್ಲಿ ಹೇಳುತ್ತಿರುವುದು ಜಠರ, ಕರುಳಿನ ಮೇಲೆ ನಡೆಯುವ ಶಸ್ತ್ರಚಿಕಿತ್ಸೆ. ಅದರಲ್ಲಿ ಸ್ಲೀವ್ ಎನ್ನುವುದು ಜಠರದ ಮುಕ್ಕಾಲು ಭಾಗದಷ್ಟನ್ನು ಕತ್ತರಿಸಿ ತೆಗೆದು ಉಳಿದದ್ದನ್ನು ಬಾಳೆಕಾಯಿಯಂಥ ಕೊಳವೆ ಮಾಡುವುದು. ಬೈಪಾಸ್ ಎನ್ನುವುದು ಜಠರದ ಮೇಲ್ತುದಿಯಲ್ಲಿ ಪುಟ್ಟ ಚೀಲ ಮಾಡಿ, ಸಣ್ಣ ಕರುಳಿನ ಮೊದಲ ಭಾಗವನ್ನು ದಾಟಿಸಿ, ಮುಂದಿನ ಭಾಗಕ್ಕೆ ಜೋಡಿಸುವುದು. ಸ್ಲೀವ್‌ನಲ್ಲಿ ತಿಂದದ್ದು ಹಳೆಯ ದಾರಿಯಲ್ಲೇ ಹೋಗುತ್ತದೆ, ಬೈಪಾಸ್‌ನಲ್ಲಿ ದಾರಿಯೇ ಬದಲು. ಈ ವ್ಯತ್ಯಾಸ ಮುಂದೆ ಮಾತ್ರೆಯ ವಿಷಯಕ್ಕೆ ಬಂದಾಗ ಬೇಕಾಗುತ್ತದೆ.

ಇದು ಶ್ರೀಮಂತರ ಹುಚ್ಚು ಎಂದು ತಳ್ಳಿಹಾಕುವ ಹಾಗೂ ಇಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ ನೂರಕ್ಕೆ 30 ಮಂದಿಗೆ ತೂಕ ಹೆಚ್ಚಿದೆ ಅಥವಾ ಬೊಜ್ಜಿದೆ. ದೇಶದ ಸರಾಸರಿ 24. ನಮ್ಮಲ್ಲಿ ಸರ್ಜನರು ಅನುಸರಿಸುತ್ತಾ ಬಂದ ಲೆಕ್ಕದಲ್ಲಿ ಬಿಎಂಐ 37.5 ದಾಟಿದವರಿಗೆ, ಸಕ್ಕರೆ ಕಾಯಿಲೆಯಂಥದ್ದು ಜೊತೆಗಿದ್ದರೆ 32.5 ದಾಟಿದವರಿಗೆ ಈ ಶಸ್ತ್ರಚಿಕಿತ್ಸೆ. ಐದಡಿ ಎರಡಂಗುಲ ಎತ್ತರದ ಹೆಂಗಸಿನ ಲೆಕ್ಕ ಹಿಡಿದರೆ ಸುಮಾರು 93 ಕೆ.ಜಿ. ಮತ್ತು 81 ಕೆ.ಜಿ. ಆ ತೂಕದ ಹೆಂಗಸರನ್ನು ಹುಡುಕಲು ನೂರಡಿ ರಸ್ತೆಗೇ ಹೋಗಬೇಕಿಲ್ಲ. ಶಿವಾಜಿನಗರ ಬಸ್ ನಿಲ್ದಾಣದಲ್ಲಿ ಅರ್ಧ ಗಂಟೆ ನಿಂತರೆ ಸಾಕು.

ಈಗ ಗರ್ಭದ ವಿಷಯ. ಬೊಜ್ಜು ಹೆಚ್ಚಾದಾಗ ದೇಹದಲ್ಲಿ ಇನ್ಸುಲಿನ್ ಏರುತ್ತದೆ, ಅದು ಅಂಡಾಶಯದಲ್ಲಿ ಗಂಡು ಹಾರ್ಮೋನನ್ನು ಹೆಚ್ಚಿಸುತ್ತದೆ, ತಿಂಗಳು ತಿಂಗಳು ಮೊಟ್ಟೆ ಬಿಡುಗಡೆಯಾಗುವುದು ತಪ್ಪುತ್ತದೆ. ಮುಟ್ಟು ಎರಡು ತಿಂಗಳಿಗೋ, ನಾಲ್ಕು ತಿಂಗಳಿಗೋ ಒಮ್ಮೆ. ಪಿಸಿಒಡಿ ಎಂದು ಈಗ ಹೈಸ್ಕೂಲು ಹುಡುಗಿಯರ ಬಾಯಲ್ಲೂ ಇರುವ ಸಮಸ್ಯೆ ಇದೇ. ತೂಕದಲ್ಲಿ ನೂರಕ್ಕೆ ಐದರಿಂದ ಹತ್ತರಷ್ಟು ಇಳಿದರೂ ಹಲವರಲ್ಲಿ ಮೊಟ್ಟೆ ಬಿಡುಗಡೆ ಮತ್ತೆ ಶುರುವಾಗುತ್ತದೆ. ಶಸ್ತ್ರಚಿಕಿತ್ಸೆಯಾದವರು ಅಷ್ಟನ್ನು ಮೊದಲ ಒಂದೆರಡು ತಿಂಗಳಲ್ಲೇ ಇಳಿಸಿಬಿಡುತ್ತಾರೆ. ಮುಟ್ಟಿಗಿಂತ ಮೊದಲೇ ಮೊಟ್ಟೆ ಬರುತ್ತದೆ ಎನ್ನುವುದನ್ನೂ ಇಲ್ಲಿ ನೆನಪಿಡಬೇಕು. ಅಂದರೆ ನಿಂತುಹೋಗಿದ್ದ ಮುಟ್ಟು ವಾಪಸು ಬರಲಿ, ಆಮೇಲೆ ನೋಡೋಣ ಎಂದು ಕೂತವಳಿಗೆ ಆ ಮುಟ್ಟು ಬಾರದೆಯೇ ಗರ್ಭ ನಿಲ್ಲಬಹುದು.

ಇಲ್ಲಿ ಕೆಲಸ ಕೆಡಿಸುವುದು ದೇಹಕ್ಕಿಂತ ಹೆಚ್ಚಾಗಿ ನಂಬಿಕೆ. ಆರೇಳು ವರ್ಷ 'ನಿನಗೆ ಮಕ್ಕಳಾಗೋದು ಕಷ್ಟ' ಎಂದು ಡಾಕ್ಟರಿಂದ, ಅತ್ತೆಯಿಂದ, ನಾದಿನಿಯಿಂದ ಕೇಳಿಸಿಕೊಂಡ ಹೆಂಗಸು ತನಗೆ ಗರ್ಭನಿರೋಧಕ ಬೇಕು ಎಂದು ಯೋಚಿಸುವುದಾದರೂ ಹೇಗೆ? ಇದು ನಮ್ಮ ಹೆಂಗಸರ ಅಜ್ಞಾನ ಎಂದು ಯಾರಾದರೂ ಮೂಗು ಮುರಿಯುವ ಮೊದಲು ಅಮೆರಿಕದ ಲೆಕ್ಕ ನೋಡಿ. ಅಲ್ಲಿನ ಹತ್ತು ಆಸ್ಪತ್ರೆಗಳಲ್ಲಿ ಈ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ 700ಕ್ಕೂ ಹೆಚ್ಚು ಹೆಂಗಸರನ್ನು ವರ್ಷಗಟ್ಟಲೆ ಗಮನಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಮೊದಲ ವರ್ಷದಲ್ಲಿ ಮಗುವಿಗಾಗಿ ಪ್ರಯತ್ನಿಸಿದವರು ನೂರಕ್ಕೆ ನಾಲ್ಕು ಮಂದಿ. ಮಗುವಿಗೆ ಪ್ರಯತ್ನಿಸದೆಯೂ ಯಾವ ರಕ್ಷಣೆಯೂ ಇಲ್ಲದೆ ಕೂಡಿದವರು ನೂರಕ್ಕೆ 41 ಮಂದಿ. ಅಲ್ಲೂ ಹೀಗೇ.

ಕೆ.ಆರ್. ಪುರದ ಕಡೆ ನಮಗೆ ಪರಿಚಯವಾದ ಒಬ್ಬ ಅಕ್ಕನ ಕತೆ ಇದಕ್ಕೆ ಹೊರತಲ್ಲ. ಹೆಸರು, ಕೆಲಸ, ಆಸ್ಪತ್ರೆ ಯಾವುದನ್ನೂ ಬರೆಯಬೇಡಿ ಎಂದಿದ್ದಾರೆ, ಬರೆಯುವುದಿಲ್ಲ. ಮದುವೆಯಾಗಿ ಏಳು ವರ್ಷ. ಮಕ್ಕಳಿಲ್ಲ. ತೂಕ ನೂರರ ಹತ್ತಿರ, ಸಕ್ಕರೆ ಕಾಯಿಲೆಯ ಆರಂಭ. ಕಂಪನಿಯ ವಿಮೆಯಲ್ಲಿ ಬೈಪಾಸ್ ಮಾಡಿಸಿಕೊಂಡರು. ಡಿಸ್ಚಾರ್ಜ್ ಚೀಟಿಯನ್ನು ನಮಗೆ ತೋರಿಸಿದರು. ಪ್ರೋಟೀನ್ ಪುಡಿ ದಿನಕ್ಕೆ ಎಷ್ಟು ಚಮಚ, ನೀರು ಊಟದ ಜೊತೆ ಕುಡಿಯಬಾರದು, ಎಷ್ಟು ಹೆಜ್ಜೆ ನಡೆಯಬೇಕು, ಕ್ಯಾಲ್ಸಿಯಂ ಮತ್ತು ಕಬ್ಬಿಣದ ಮಾತ್ರೆ ಒಟ್ಟಿಗೆ ನುಂಗಬಾರದು, ಎಲ್ಲಾ ಇದೆ. ಬಹಳ ಅಚ್ಚುಕಟ್ಟಾದ ಚೀಟಿ. ಗರ್ಭದ ಬಗ್ಗೆ ಒಂದಕ್ಷರವಿಲ್ಲ. ಐದನೇ ತಿಂಗಳಿಗೆ 24 ಕೆ.ಜಿ. ಇಳಿದಿದ್ದರು, ಜೊತೆಗೆ ಎರಡು ತಿಂಗಳ ಗರ್ಭಿಣಿ.

'ವಾಂತಿ ಬರ್ತಿತ್ತು. ಆಪರೇಷನ್ ಆಗಿರೋದಕ್ಕೆ ಇರ್ಬೇಕು ಅಂತ ಸುಮ್ನಿದ್ದೆ. ಮುಟ್ಟು ನಿಂತಿದ್ದೂ ನನಗೇನು ಹೊಸದಾ ಹೇಳಿ' ಎಂದರು ಆ ಅಕ್ಕ. ಗೊತ್ತಾದ ದಿನ ಅತ್ತೆ ದೇವರಿಗೆ ಕಾಯಿ ಒಡೆದರಂತೆ. ಆಪರೇಷನ್ ಮಾಡಿದ ಡಾಕ್ಟರು ಮುಖ ಸಣ್ಣ ಮಾಡಿಕೊಂಡು 'ಇಷ್ಟು ಬೇಗ ಯಾಕಮ್ಮ' ಅಂದರಂತೆ. ಇನ್ನೊಂದು ಕಡೆ ತೋರಿಸಿದಾಗ ತೆಗೆಸಿಬಿಡಿ ಎಂದರಂತೆ. 'ಏಳು ವರ್ಷ ಬೇಡಿಕೊಂಡಿದ್ದು ಬಂದಿದೆ, ಅದು ತಪ್ಪು ಅನ್ನೋ ಥರ ಎಲ್ರೂ ನನ್ನನ್ನೇ ನೋಡ್ತಾರೆ. ಹೇಳಿದ್ರೆ ನಾನೇನು ಕೇಳ್ತಿರಲಿಲ್ವಾ?' ಈ ಪ್ರಶ್ನೆಗೆ ನಮ್ಮಲ್ಲಿ ಉತ್ತರ ಇರಲಿಲ್ಲ.

ಯಾಕೆ ಕಾಯಬೇಕು ಎನ್ನುವುದಕ್ಕೆ ಕಾರಣ ಕಷ್ಟದ್ದಲ್ಲ. ಮೊದಲ ವರ್ಷ ದೇಹ ತನ್ನನ್ನೇ ತಿಂದುಕೊಂಡು ಬದುಕುತ್ತಿರುತ್ತದೆ. ದಿನಕ್ಕೆ ನಾಲ್ಕು ಸಲ ಎರಡೆರಡು ತುತ್ತು ಅಂಬಲಿ, ಬೇಳೆಕಟ್ಟು ಇಳಿಯುವ ಹೊಟ್ಟೆಯಲ್ಲಿ ಇಬ್ಬರಿಗಾಗುವಷ್ಟು ಕಬ್ಬಿಣ, ಬಿ12, ಫೋಲಿಕ್ ಆಮ್ಲ, ಕ್ಯಾಲ್ಸಿಯಂ ಎಲ್ಲಿಂದ ಬರಬೇಕು? ಕರ್ನಾಟಕದ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಮೊದಲೇ ರಕ್ತಹೀನತೆ ಇದೆ. ಮಾಂಸ ತಿನ್ನದವರಲ್ಲಿ ಬಿ12 ಕೊರತೆ ಸಾಮಾನ್ಯ. ಅದರ ಮೇಲೆ ಬೈಪಾಸ್, ಅದರ ಮೇಲೆ ಗರ್ಭ.

ಹಾಗೆಂದು ಶಸ್ತ್ರಚಿಕಿತ್ಸೆಯೇ ಗರ್ಭಕ್ಕೆ ಕೆಟ್ಟದ್ದು ಎಂದಲ್ಲ. ಸ್ವೀಡನ್ನಿನ ದೇಶವ್ಯಾಪಿ ದಾಖಲೆಗಳನ್ನು ಇಟ್ಟುಕೊಂಡು 2015ರಲ್ಲಿ ಪ್ರಕಟವಾದ ಅಧ್ಯಯನ ಈ ವಿಷಯದಲ್ಲಿ ಬಹಳ ಸ್ಪಷ್ಟ. ಶಸ್ತ್ರಚಿಕಿತ್ಸೆಯಾಗಿ ಗರ್ಭ ಧರಿಸಿದವರನ್ನು, ಅವರ ಹಳೆಯ ತೂಕದಷ್ಟೇ ತೂಕವಿದ್ದು ಶಸ್ತ್ರಚಿಕಿತ್ಸೆಯಾಗದ ಗರ್ಭಿಣಿಯರ ಜೊತೆ ಹೋಲಿಸಿದರು. ಗರ್ಭಕಾಲದ ಸಕ್ಕರೆ ಕಾಯಿಲೆ ಮೊದಲ ಗುಂಪಿನಲ್ಲಿ ನೂರಕ್ಕೆ 1.9, ಎರಡನೆಯದರಲ್ಲಿ 6.8. ವಿಪರೀತ ದೊಡ್ಡ ಮಗು 8.6 ಎದುರಿಗೆ 22.4. ಇವೆರಡೂ ಲಾಭದ ಲೆಕ್ಕ. ಆದರೆ ದಿನ ತುಂಬಿದ್ದಕ್ಕೆ ತಕ್ಕ ತೂಕವಿಲ್ಲದ ಸಣ್ಣ ಮಗು 15.6 ಎದುರಿಗೆ 7.6, ಅಂದರೆ ಎರಡರಷ್ಟು. ಈ ಸಣ್ಣ ಮಗುವಿನ ಭಯವೂ ಕಾಯಿರಿ ಎನ್ನುವುದಕ್ಕೆ ಒಂದು ಕಾರಣ. ಕಾಯುವ ಅವಧಿ ಕಲ್ಲಿನಲ್ಲಿ ಕೊರೆದದ್ದೇನಲ್ಲ. ಅಮೆರಿಕದ ಸರ್ಜನರ ಮಾರ್ಗಸೂಚಿ 12ರಿಂದ 18 ತಿಂಗಳು ಅನ್ನುತ್ತದೆ. ಬೇಗ ಗರ್ಭ ನಿಂತವರಿಗೂ ತಡವಾಗಿ ನಿಂತವರಿಗೂ ದೊಡ್ಡ ವ್ಯತ್ಯಾಸ ಕಾಣಲಿಲ್ಲ ಎನ್ನುವ ಅಧ್ಯಯನಗಳೂ ಇವೆ. ಮೂವತ್ತೆಂಟು ವರ್ಷದ ಹೆಂಗಸಿಗೆ ಒಂದೂವರೆ ವರ್ಷ ಕಾಯುವುದೇ ದೊಡ್ಡ ನಷ್ಟವಾಗಬಹುದು. ಇದನ್ನೆಲ್ಲ ತೂಗಿ ನೋಡುವ ಮಾತು ಆಪರೇಷನ್ನಿಗೆ ಮೊದಲು ಆಗಬೇಕಿತ್ತು ಎನ್ನುವುದಷ್ಟೇ ನಮ್ಮ ವಾದ.

ಮತ್ತು ಅಕಸ್ಮಾತ್ ಬೇಗ ನಿಂತರೆ ತೆಗೆಸಿಬಿಡಿ ಎನ್ನುವುದು ಸರಿಯಾದ ಸಲಹೆಯಲ್ಲ. ಅಂಥ ಗರ್ಭವನ್ನು ಹೆಚ್ಚು ಹುಷಾರಾಗಿ ನೋಡಿಕೊಳ್ಳಬೇಕು, ರಕ್ತಪರೀಕ್ಷೆ ಹೆಚ್ಚು ಸಲ ಮಾಡಬೇಕು, ಮಗುವಿನ ಬೆಳವಣಿಗೆಯನ್ನು ಸ್ಕ್ಯಾನಿನಲ್ಲಿ ಮತ್ತೆ ಮತ್ತೆ ನೋಡಬೇಕು. ಅದಷ್ಟೇ. ಹೆಂಗಸಿಗೇ ಬೇಡವಾಗಿದ್ದರೆ ಅದು ಬೇರೆ ಮಾತು. 2021ರ ತಿದ್ದುಪಡಿಯ ನಂತರ ಗರ್ಭಪಾತದ ಕಾನೂನು ಗರ್ಭನಿರೋಧಕ ವಿಫಲವಾದ ಕಾರಣಕ್ಕೆ 20 ವಾರದವರೆಗೆ ಅವಕಾಶ ಕೊಡುವಾಗ 'ಮದುವೆಯಾದ ಹೆಂಗಸು' ಎಂಬ ಷರತ್ತನ್ನೂ ಕೈಬಿಟ್ಟಿದೆ. ತೀರ್ಮಾನ ಅವಳದ್ದು. ಆ ಅಕ್ಕ ಉಳಿಸಿಕೊಂಡರು. ಕಬ್ಬಿಣವನ್ನು ಡ್ರಿಪ್ಪಿನಲ್ಲಿ ಹಾಕಬೇಕಾಯಿತು. ಮಗಳು ಹುಟ್ಟಿದಾಗ ಎರಡೂಕಾಲು ಕೆ.ಜಿ., ಈಗ ಮನೆ ತುಂಬ ಓಡಾಡುತ್ತಾಳೆ.

ಇನ್ನು ಯಾವ ಗರ್ಭನಿರೋಧಕ ಎನ್ನುವ ಪ್ರಶ್ನೆ. ನಮ್ಮ ರಾಜ್ಯದ ನಿಜವಾದ ಸಮಸ್ಯೆ ಇಲ್ಲೇ ಇದೆ ಎಂದು ನಮಗನ್ನಿಸುತ್ತದೆ. ಅದೇ ಸಮೀಕ್ಷೆಯಲ್ಲಿ ಕರ್ನಾಟಕದ ವಿವಾಹಿತ ಹೆಂಗಸರಲ್ಲಿ ನೂರಕ್ಕೆ 57 ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಮಾತ್ರೆ ನುಂಗುವವರು ನೂರಕ್ಕೆ ಇಬ್ಬರೂ ಇಲ್ಲ. ಗಂಡಸರ ಶಸ್ತ್ರಚಿಕಿತ್ಸೆ ಲೆಕ್ಕಕ್ಕೇ ಸಿಗದಷ್ಟು. ಅಂದರೆ ನಮ್ಮ ಕುಟುಂಬ ಯೋಜನೆ ಎನ್ನುವುದು ಬೇಗ ಮದುವೆ, ಬೇಗ ಎರಡು ಮಕ್ಕಳು, ಆಮೇಲೆ ಆಪರೇಷನ್. ನಡುವೆ ಒಂದೆರಡು ವರ್ಷ ತಡೆಹಿಡಿದು ಆಮೇಲೆ ಹೆರುವ ಅಭ್ಯಾಸವೇ ಕಡಿಮೆ. ತೂಕದ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವ, ಇನ್ನೂ ಮಕ್ಕಳಾಗಬೇಕಾದ ಹೆಂಗಸಿಗೆ ಬೇಕಾಗಿರುವುದು ಇದೇ ತಾತ್ಕಾಲಿಕ ತಡೆ. ಅವಳ ಅಮ್ಮನಿಗಾಗಲಿ ಅಕ್ಕನಿಗಾಗಲಿ ಅದರ ಅನುಭವವಿಲ್ಲ. ಕೇಳೋಣವೆಂದರೆ ಯಾರನ್ನು ಕೇಳುವುದು?

ಮೆಡಿಕಲ್ ಶಾಪಿನಲ್ಲಿ ಸುಲಭವಾಗಿ ಸಿಗುವುದು ಮಾತ್ರೆ. ಬೈಪಾಸ್ ಆದವರಲ್ಲಿ ಅದನ್ನು ನೆಚ್ಚಿಕೊಳ್ಳುವಂತಿಲ್ಲ, ಕರುಳಿನ ದಾರಿ ಬದಲಾಗಿರುವುದರಿಂದ ಔಷಧಿ ರಕ್ತಕ್ಕೆ ಸೇರುವುದು ಕಡಿಮೆಯಾಗಬಹುದು. ಸ್ಲೀವ್ ಆದವರಿಗೆ ಮಾತ್ರೆ ನಡೆಯುತ್ತದೆ ಎಂದು ಅಮೆರಿಕದ ಮಾರ್ಗಸೂಚಿ ಹೇಳಿದರೆ, ಬ್ರಿಟನ್ನಿನವರು ಯಾವ ಶಸ್ತ್ರಚಿಕಿತ್ಸೆಯಾದರೂ ನುಂಗದ ವಿಧಾನವೇ ಒಳ್ಳೆಯದು ಅನ್ನುತ್ತಾರೆ. ನಮಗೆ ಬ್ರಿಟನ್ನಿನವರ ಮಾತೇ ಸರಿ ಅನ್ನಿಸುತ್ತದೆ, ಯಾಕೆಂದರೆ ಮೊದಲ ತಿಂಗಳುಗಳಲ್ಲಿ ವಾಂತಿ ಇಬ್ಬರಿಗೂ ಉಂಟು. ಬೆಳಿಗ್ಗೆ ನುಂಗಿದ ಮಾತ್ರೆ ಹತ್ತು ನಿಮಿಷಕ್ಕೆ ಸಿಂಕಿಗೆ ಹೋದರೆ ಅದು ಯಾವ ಕಂಪನಿಯದ್ದಾದರೇನು. ಈಸ್ಟ್ರೊಜನ್ ಇರುವ ಮಾತ್ರೆಗೆ ರಕ್ತ ಹೆಪ್ಪುಗಟ್ಟಿಸುವ ಗುಣವೂ ಇದೆ, ಬೊಜ್ಜಿಗೂ ದೊಡ್ಡ ಶಸ್ತ್ರಚಿಕಿತ್ಸೆಗೂ ಅದೇ ಗುಣ. ಮೂರೂ ಸೇರಬಾರದೆಂದೇ ಶಸ್ತ್ರಚಿಕಿತ್ಸೆಗೆ ಕೆಲವು ವಾರ ಮೊದಲು ಅಂಥ ಮಾತ್ರೆ ನಿಲ್ಲಿಸಲು ಹೇಳುತ್ತಾರೆ. ನಿಲ್ಲಿಸಿ ಎಂದವರು ಅದರ ಬದಲಿಗೆ ಏನು ಎನ್ನುವುದನ್ನು ಹೇಳಬೇಕಲ್ಲ. ಸರ್ಕಾರದ ಛಾಯಾ ಕೂಡ ನುಂಗುವ ಮಾತ್ರೆಯೇ. 72 ಗಂಟೆಯೊಳಗೆ ನುಂಗುವ ತುರ್ತು ಮಾತ್ರೆ 70 ಕೆ.ಜಿ. ದಾಟಿದವರಲ್ಲಿ ಸರಿಯಾಗಿ ಕೆಲಸ ಮಾಡದಿರಬಹುದು ಎಂಬ ಎಚ್ಚರಿಕೆಯೂ ಇದೆ. ಟಿವಿ ಜಾಹೀರಾತಿನಲ್ಲಿ ಇದನ್ನು ನಾವಂತೂ ಕೇಳಿಲ್ಲ.

ಉಳಿದದ್ದು ವಂಕಿ, ಅಂದರೆ ಕಾಪರ್ ಟಿ. ಹೊಟ್ಟೆಗೂ ಕರುಳಿಗೂ ಸಂಬಂಧವಿಲ್ಲ. 380 ಎ ಹತ್ತು ವರ್ಷ ನಡೆಯುತ್ತದೆ, 375 ಐದು ವರ್ಷ, ಬೇಕೆಂದಾಗ ತೆಗೆಸಬಹುದು, ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಮುಖ್ಯ ತೊಡಕು ಮುಟ್ಟಿನ ರಕ್ತಸ್ರಾವ ಹೆಚ್ಚಾಗುವುದು. ರಕ್ತಹೀನತೆ ಇರುವವರಿಗೆ ಹಾರ್ಮೋನಿನ ವಂಕಿ ಒಳ್ಳೆಯದು, ಸ್ರಾವ ಕಡಿಮೆಯಾಗುತ್ತದೆ, ವರ್ಷಗಟ್ಟಲೆ ಮುಟ್ಟು ಏರುಪೇರಾದವರ ಗರ್ಭಕೋಶದ ಒಳಪದರಕ್ಕೂ ಅದು ರಕ್ಷಣೆ. ಆದರೆ ಅದಕ್ಕೆ ದುಡ್ಡು ಬೇಕು. ತೋಳಿನ ಚರ್ಮದಡಿ ಇಡುವ ಇಂಪ್ಲಾಂಟ್ ಸರ್ಕಾರಿ ವ್ಯವಸ್ಥೆಗೆ ಈಚೆಗೆ, ಆಯ್ದ ಜಿಲ್ಲೆಗಳಲ್ಲಿ ಮಾತ್ರ ಬಂದಿದೆ. ಮೂರು ತಿಂಗಳಿಗೊಮ್ಮೆಯ ಅಂತರಾ ಚುಚ್ಚುಮದ್ದು ಇದೆ, ಆದರೆ ಕೆಲವರಲ್ಲಿ ಅದು ತೂಕ ಏರಿಸುತ್ತದೆ, ಮೂಳೆಯ ಸಾಂದ್ರತೆ ತಗ್ಗಿಸುತ್ತದೆ. ತೂಕ ಇಳಿಸಲು ಹೊಟ್ಟೆ ಕೊಯ್ಯಿಸಿಕೊಂಡವಳಿಗೆ ಅದನ್ನೇ ಮೊದಲ ಆಯ್ಕೆಯಾಗಿ ಕೊಡುವುದು ತಮಾಷೆಯಾದೀತು. ಗಂಡಸರ ನಿರೋಧ್ ಇದ್ದೇ ಇದೆ, ಗಂಡಸರು ಮನಸ್ಸು ಮಾಡಿದರೆ.

ವಂಕಿಯನ್ನು ಹಾಕಿಸಿಕೊಳ್ಳಲು ಎಲ್ಲಕ್ಕಿಂತ ಅನುಕೂಲದ ಹೊತ್ತು ಯಾವುದು? ಶಸ್ತ್ರಚಿಕಿತ್ಸೆಗೆ ಅರಿವಳಿಕೆ ಕೊಟ್ಟು ಮಲಗಿಸಿದಾಗಲೇ. ಐದು ನಿಮಿಷದ ಕೆಲಸ, ಅದೇ ಆಸ್ಪತ್ರೆಯಲ್ಲಿ ಸ್ತ್ರೀರೋಗ ತಜ್ಞೆ ಮೇಲಿನ ಮಹಡಿಯಲ್ಲೇ ಇರುತ್ತಾರೆ. ಹೆಂಗಸಿನ ಒಪ್ಪಿಗೆಯನ್ನು ಮುಂಚೆಯೇ ಕೇಳಿ ಪಡೆದಿರಬೇಕು, ಅಷ್ಟೇ. ಆದರೆ ವಿಮೆಯ ಕಾಗದ ಓದಿದರೆ ಇದು ಯಾಕೆ ನಡೆಯುವುದಿಲ್ಲ ಎಂದು ಅರ್ಥವಾಗುತ್ತದೆ. ವಿಮಾ ನಿಯಂತ್ರಣ ಪ್ರಾಧಿಕಾರ 2019ರಲ್ಲಿ ಎಲ್ಲ ಕಂಪನಿಗಳಿಗೂ ಒಂದೇ ಬಗೆಯ ನಿಯಮ ಬರೆಯಿತು. ಅದರ ಪ್ರಕಾರ ಬಿಎಂಐ 40 ಆಗಿದ್ದರೆ, ಅಥವಾ 35 ಆಗಿದ್ದು ಹತೋಟಿಗೆ ಬಾರದ ಸಕ್ಕರೆ ಕಾಯಿಲೆ, ಹೃದ್ರೋಗ, ತೀವ್ರ ನಿದ್ರಾ ಉಸಿರುಗಟ್ಟುವಿಕೆಯಂಥವು ಇದ್ದರೆ ತೂಕದ ಶಸ್ತ್ರಚಿಕಿತ್ಸೆಯ ಖರ್ಚನ್ನು ಕೊಡಬೇಕು. ನಮ್ಮ ದೇಶದ ಮೈಗೆ ಡಾಕ್ಟರುಗಳು ಇಳಿಸಿಕೊಂಡ ಅಳತೆಯನ್ನು ವಿಮೆಯವರು ಒಪ್ಪದೆ ಪಶ್ಚಿಮದ ಅಳತೆಯನ್ನೇ ಇಟ್ಟುಕೊಂಡಿದ್ದಾರೆ, ಅದು ಇನ್ನೊಂದು ಜಗಳ. ಅದೇ ನಿಯಮಾವಳಿಯ ಇನ್ನೊಂದು ಕಲಮಿನಲ್ಲಿ, ಕಂಪನಿಗಳು ಕೊಡದೆ ಇರಬಹುದಾದ ಖರ್ಚುಗಳ ಪಟ್ಟಿಯಲ್ಲಿ, ಬಂಜೆತನದ ಚಿಕಿತ್ಸೆಯ ಜೊತೆಗೆ 'ಯಾವುದೇ ಬಗೆಯ ಗರ್ಭನಿರೋಧಕ' ಎಂದೂ ಇದೆ. ಲಕ್ಷಗಳ ಶಸ್ತ್ರಚಿಕಿತ್ಸೆಗೆ ದುಡ್ಡು ಉಂಟು, ಅದರ ಸುರಕ್ಷತೆಗೆ ಬೇಕಾದ ವಂಕಿಗೆ ಇಲ್ಲ. ಬಿಲ್ಲಿನಲ್ಲಿ ಸಾಲಿಲ್ಲದ ಕೆಲಸ ಪ್ಯಾಕೇಜಿನಲ್ಲೂ ಇರುವುದಿಲ್ಲ, ಪ್ಯಾಕೇಜಿನಲ್ಲಿ ಇಲ್ಲದ್ದು ಮಾತಿನಲ್ಲೂ ಬರುವುದಿಲ್ಲ.

ಪೂರ್ವ ಬೆಂಗಳೂರಿನ ನಕ್ಷೆಯಲ್ಲಿ ಇದನ್ನು ಕಣ್ಣಾರೆ ನೋಡಬಹುದು. ಹಳೇ ವಿಮಾನ ನಿಲ್ದಾಣ ರಸ್ತೆ, ಇಂದಿರಾನಗರದ ಕಡೆ ದೊಡ್ಡ ಖಾಸಗಿ ಆಸ್ಪತ್ರೆಗಳು, ಬಂಜೆತನ ಚಿಕಿತ್ಸೆಯ ಕೇಂದ್ರಗಳು. ಅಲ್ಲಿಂದ ಆಟೊ ದೂರದಲ್ಲಿ ಹಲಸೂರಿನ ಹೆರಿಗೆ ಆಸ್ಪತ್ರೆ, ಸಿ.ವಿ. ರಾಮನ್ ಆಸ್ಪತ್ರೆ, ಶಿವಾಜಿನಗರದ ಬೌರಿಂಗ್, ಗೋಷಾ ಪಾಲಿಸುವ ಹೆಂಗಸರಿಗೆಂದೇ ಶುರುವಾದ ಘೋಷಾ ಆಸ್ಪತ್ರೆ. ಆಪರೇಷನ್ ಒಂದು ಕಡೆ, ಪುಕ್ಕಟೆ ವಂಕಿ ಇನ್ನೊಂದು ಕಡೆ. ಒಂದು ಕಡೆಯ ಚೀಟಿಯನ್ನು ಇನ್ನೊಂದು ಕಡೆಯವರು ನೋಡುವುದಿಲ್ಲ. ನಡುವೆ ಓಡಾಡುವವಳು ಹೆಂಗಸು. ಇಂಥ ಗೋಡೆ ಈ ಊರಿಗೆ ಹೊಸದೇನಲ್ಲ. 1930ರಲ್ಲಿ ಮೈಸೂರು ಸಂಸ್ಥಾನ ಸರ್ಕಾರಿ ಆಸ್ಪತ್ರೆಗಳಲ್ಲೇ ಸಂತಾನ ನಿಯಂತ್ರಣದ ಕ್ಲಿನಿಕ್‌ಗಳನ್ನು ತೆರೆಯಲು ಆದೇಶ ಹೊರಡಿಸಿತು. ಜಗತ್ತಿನಲ್ಲೇ ಸರ್ಕಾರವೊಂದು ಇಟ್ಟ ಮೊದಲ ಇಂಥ ಹೆಜ್ಜೆ ಎಂದು ಅದನ್ನು ಇವತ್ತಿಗೂ ಹೇಳಿಕೊಳ್ಳುತ್ತೇವೆ. ಆದರೆ ದಂಡು ಪ್ರದೇಶ ಆಗ ಮೈಸೂರಿನದ್ದಾಗಿರಲಿಲ್ಲ, 1881ರಿಂದ 1947ರವರೆಗೆ ಅದು ಬ್ರಿಟಿಷ್ ರೆಸಿಡೆಂಟರ ಆಡಳಿತ. ಪೇಟೆಯ ಕಡೆ ಬಂದ ಆದೇಶ ಕಬ್ಬನ್ ಪಾರ್ಕಿನ ಈಚೆಗೆ ಶಿವಾಜಿನಗರಕ್ಕೆ ಅನ್ವಯಿಸುತ್ತಿರಲಿಲ್ಲ.

ಗರ್ಭಿಣಿಯಾದ ಮೇಲೂ ಈ ಗೋಡೆ ತೊಂದರೆ ಕೊಡುತ್ತದೆ. ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಕಾಲದ ಸಕ್ಕರೆ ಪರೀಕ್ಷೆಗೆ 75 ಗ್ರಾಂ ಗ್ಲೂಕೋಸನ್ನು ನೀರಿನಲ್ಲಿ ಕದಡಿ ಕುಡಿಸುತ್ತಾರೆ. ಎಲ್ಲರಿಗೂ ಸರಿಯಾದ, ಅಗ್ಗದ, ಒಳ್ಳೆಯ ಪರೀಕ್ಷೆ. ಬೈಪಾಸ್ ಆದವಳು ಅದನ್ನು ಗಟಗಟ ಕುಡಿದರೆ ಸಕ್ಕರೆ ನೀರು ಒಮ್ಮೆಗೇ ಕರುಳಿಗೆ ನುಗ್ಗಿ ಬೆವರು, ಎದೆ ಹೊಡೆತ, ತಲೆಸುತ್ತು, ಭೇದಿ. ಆ ಅಕ್ಕ ಬೆಂಚಿನ ಮೇಲೇ ಕುಸಿದಿದ್ದರು. ಬದಲಿಗೆ ವಾರವಿಡೀ ಬೆರಳು ಚುಚ್ಚಿ ಸಕ್ಕರೆ ನೋಡಬಹುದು, ಆದರೆ ಅದಕ್ಕೆ ಎದುರಿಗೆ ಕೂತ ನರ್ಸಿಗೆ ವಿಷಯ ಗೊತ್ತಿರಬೇಕು. ಹಾಗೆಯೇ ಆಶಾ ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿ.ಗ್ರಾಂ ಕಬ್ಬಿಣ, ಅರ್ಧ ಮಿ.ಗ್ರಾಂ ಫೋಲಿಕ್ ಆಮ್ಲ ಇರುತ್ತದೆ. ಇನ್ನೂ ಬೊಜ್ಜು ಅಥವಾ ಸಕ್ಕರೆ ಕಾಯಿಲೆ ಉಳಿದಿರುವ ಹೆಂಗಸಿಗೆ ಗರ್ಭಕ್ಕೆ ಮೊದಲಿನಿಂದಲೇ 5 ಮಿ.ಗ್ರಾಂ ಫೋಲಿಕ್ ಆಮ್ಲ ಹೇಳುತ್ತಾರೆ. ಮೊದಲಿನಿಂದ ನುಂಗುತ್ತಿದ್ದ ವಿಟಮಿನ್ ಮಾತ್ರೆಯಲ್ಲಿ 'ಎ' ಜೀವಸತ್ವ ರೆಟಿನಾಲ್ ರೂಪದಲ್ಲಿದ್ದರೆ ಗರ್ಭದಲ್ಲಿ ಅದನ್ನು ಬದಲಿಸಬೇಕು. ಬೈಪಾಸ್ ಆದ ಗರ್ಭಿಣಿಗೆ ಜೋರು ಹೊಟ್ಟೆನೋವು ಬಂದರೆ ಗ್ಯಾಸ್ ಎಂದು ಮನೆಗೆ ಕಳಿಸಬಾರದು. ಒಳಗೆ ಕರುಳು ಸಿಕ್ಕಿಕೊಂಡಿರಬಹುದು, ಅದು ಜೀವಕ್ಕೇ ಅಪಾಯ, ಸರ್ಜನ್ ನೋಡಬೇಕು. ತಾಯಿ ಕಾರ್ಡಿನ ಮೊದಲ ಪುಟದಲ್ಲೇ ಕೆಂಪು ಶಾಯಿಯಲ್ಲಿ 'ಬೈಪಾಸ್ ಆಗಿದೆ' ಅಥವಾ 'ಸ್ಲೀವ್ ಆಗಿದೆ' ಎಂದು ಬರೆದರೆ ಈ ಅರ್ಧ ಗೊಂದಲ ತಪ್ಪುತ್ತದೆ. ಅದಕ್ಕೆ ಹೊಸ ಯೋಜನೆಯೂ ಬೇಡ, ಉದ್ಘಾಟನೆಯೂ ಬೇಡ. ಬಿಬಿಎಂಪಿ ಒಡೆದು ಐದು ಪಾಲಿಕೆಗಳಾಗಿವೆ, ಐದರಲ್ಲಿ ಒಂದಾದರೂ ತನ್ನ ಹೆರಿಗೆ ಆಸ್ಪತ್ರೆಗಳಿಗೆ ಒಂದು ಸುತ್ತೋಲೆ ಕಳಿಸಿದರೆ ಸಾಕು.

ಖಾಸಗಿ ಆಸ್ಪತ್ರೆಗಳಿಂದ ನಾವು ಕೇಳುವುದೂ ದೊಡ್ಡದಲ್ಲ. ಮನಶ್ಶಾಸ್ತ್ರಜ್ಞರ, ಪಥ್ಯದವರ ಭೇಟಿ ಕಡ್ಡಾಯ ಮಾಡಿರುವ ಹಾಗೆಯೇ 15ರಿಂದ 49 ವರ್ಷದ ಪ್ರತಿ ಹೆಂಗಸಿಗೂ ಶಸ್ತ್ರಚಿಕಿತ್ಸೆಗೆ ಮೊದಲು ಸ್ತ್ರೀರೋಗ ತಜ್ಞೆಯ ಒಂದು ಭೇಟಿ ಇರಲಿ. ಅವಳ ಭಾಷೆಯಲ್ಲಿ. ಹಲಸೂರಿನಲ್ಲಿ ಅದು ತಮಿಳಾಗಬಹುದು, ಶಿವಾಜಿನಗರದಲ್ಲಿ ದಖನಿ ಉರ್ದು, ಕೆ.ಆರ್. ಪುರದಲ್ಲಿ ತೆಲುಗು ಬೆರೆತ ಕನ್ನಡ. ಮತ್ತು ಮದುವೆ ಆಗಿದೆಯೇ ಎಂದು ನೋಡಿಕೊಂಡು ಕೇಳುವುದನ್ನು ಬಿಡಿ. ಇಪ್ಪತ್ತಾರು ವರ್ಷದ ಹುಡುಗಿ ಅಮ್ಮನ ಜೊತೆ ಬಂದು ಕೂತಿದ್ದರೆ ಡಾಕ್ಟರು ಆ ಪ್ರಶ್ನೆಯನ್ನೇ ನುಂಗಿಕೊಳ್ಳುತ್ತಾರೆ. ಅಮ್ಮನನ್ನು ಎರಡು ನಿಮಿಷ ಹೊರಗೆ ಕೂರಿಸಿ ಕೇಳುವುದು ಅಷ್ಟು ಕಷ್ಟವೇ? ಇನ್ನೊಂದು ಬಗೆಯವರೂ ಇದ್ದಾರೆ. 'ತೂಕ ಇಳಿಸ್ಕೊಂಡು ಬಾ, ಮೊಮ್ಮಗು ಬೇಕು' ಎಂದು ಮನೆಯವರೇ ಕಳಿಸಿದ ಸೊಸೆಯರು. ಅವರ ವಿಷಯದಲ್ಲಿ ಗಂಡನನ್ನೂ ಅತ್ತೆಯನ್ನೂ ಒಳಗೆ ಕರೆದು ಒಂದೂವರೆ ವರ್ಷ ಬಾಯಿ ಮುಚ್ಚಿಕೊಂಡಿರಿ ಎಂದು ಡಾಕ್ಟರೇ ಹೇಳಬೇಕು. ಸೊಸೆ ಹೇಳಿದರೆ ಅದು ನೆಪವಾಗುತ್ತದೆ, ಬಿಳಿ ಕೋಟು ಹೇಳಿದರೆ ನಿಯಮವಾಗುತ್ತದೆ.

ಇದೆಲ್ಲ ಆಪರೇಷನ್ನಿಗಷ್ಟೇ ಸಂಬಂಧಿಸಿದ ಮಾತಾಗಿ ಉಳಿದಿಲ್ಲ. 2025ರ ಮಾರ್ಚ್‌ನಲ್ಲಿ ಮೌಂಜಾರೊ, ಜೂನ್‌ನಲ್ಲಿ ವೆಗೋವಿ ಎಂಬ ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ತೂಕದ ಔಷಧಿಗಳು ನಮ್ಮ ದೇಶದ ಮಾರುಕಟ್ಟೆಗೆ ಬಂದವು. ಕೊಯ್ಯುವುದಿಲ್ಲ, ಹೊಲಿಯುವುದಿಲ್ಲ, ಹಾಗಾಗಿ ಇನ್ನೂ ಹೆಚ್ಚು ಜನ. ತೂಕ ಇಳಿದು ಮುಟ್ಟು ಸರಿಹೋಗಿ ಗರ್ಭ ನಿಲ್ಲುವ ಸಾಧ್ಯತೆ ಇಲ್ಲೂ ಇದೆ. ಮೌಂಜಾರೊ ಜಠರ ಖಾಲಿಯಾಗುವುದನ್ನು ನಿಧಾನ ಮಾಡುವುದರಿಂದ ಗರ್ಭನಿರೋಧಕ ಮಾತ್ರೆಯ ಪರಿಣಾಮ ಕುಗ್ಗಬಹುದು. ಶುರು ಮಾಡಿದ ಮೇಲೆ ನಾಲ್ಕು ವಾರ, ಪ್ರತಿ ಸಲ ಡೋಸು ಏರಿಸಿದ ಮೇಲೆ ಮತ್ತೆ ನಾಲ್ಕು ವಾರ ಮಾತ್ರೆಯ ಜೊತೆ ಬೇರೆ ರಕ್ಷಣೆಯೂ ಇರಲಿ ಎಂದು ತಯಾರಕರ ಚೀಟಿಯಲ್ಲೇ ಬರೆದಿದೆ. ವೆಗೋವಿಯನ್ನು ಗರ್ಭಕ್ಕೆ ಪ್ರಯತ್ನಿಸುವ ಎರಡು ತಿಂಗಳ ಮೊದಲೇ ನಿಲ್ಲಿಸಬೇಕು. ಈ ಚುಚ್ಚುಮದ್ದನ್ನು ಬರೆದುಕೊಡುವಾಗ ನಿಮ್ಮ ಡಾಕ್ಟರು ಕೊನೆಯ ಮುಟ್ಟು ಯಾವಾಗ, ಈಗ ಏನು ಬಳಸುತ್ತಿದ್ದೀರಿ ಎಂದು ಕೇಳಿದರೇ? ಕೇಳಿದ್ದರೂ, ಕೇಳದಿದ್ದರೂ ನಮಗೆ ಬರೆದು ತಿಳಿಸಿ. ಹೆಸರು ಬೇಡ, ಯಾವ ಬಡಾವಣೆ ಎನ್ನುವುದಷ್ಟು ಸಾಕು.